ಕೆಳಗಿನ ಬಣ್ಣ ಎದ್ದು ಬರುವುದೇಕೆ, ಮುತ್ತು ಉದುರುವುದೇಕೆ? ಟ್ಯೂಡರ್ ಮಿನಿಯೇಚರ್ ಬರೆಯಹೊರಟವರಿಗೆ

ಪ್ರಶ್ನೆ: ನಮಸ್ಕಾರ. ನಾನು ಎಂಟು ವರ್ಷದಿಂದ ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದೇನೆ. ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಎಲಿಜಬೆತ್ ರಾಣಿಯ ಚಿತ್ರಕಾರ ನಿಕೊಲಸ್ ಹಿಲ್ಯಾರ್ಡ್ ಬರೆದ ಪುಟ್ಟ ಭಾವಚಿತ್ರಗಳನ್ನು (ಮಿನಿಯೇಚರ್) ನೋಡಿದೆ. ಅದೇ ರೀತಿ ಮೊಮ್ಮಗಳ ಮುಖವನ್ನು 5 ಸೆಂ.ಮೀ. ವೃತ್ತದೊಳಗೆ ಬರೆಯಬೇಕೆಂದು ಮೂರು ಸಲ ಪ್ರಯತ್ನಿಸಿದೆ. ಮೇಕೆ ಚರ್ಮದ ವೆಲ್ಲಮ್ (ಬರೆಯಲು ಹದಮಾಡಿದ ತೆಳು ಚರ್ಮ) ತರಿಸಿ ಕಾರ್ಡಿಗೆ ಬಿಳಿ ಅಂಟಿನಿಂದ ಅಂಟಿಸಿದರೆ ದೋಣಿಯಂತೆ ಬಾಗಿತು. ನೀಲಿ ಹಿನ್ನೆಲೆ ಪಟ್ಟೆಪಟ್ಟೆಯಾಯಿತು. ಕೆನ್ನೆಗೆ ನೆರಳು ಕೊಡಲು ಹೋದರೆ ಕೆಳಗಿನ ಬಣ್ಣವೇ ಎದ್ದು ಬಂದು ಮುಖ ಕೆಸರಾಯಿತು. ನಮ್ಮ ಗೆಸ್ಸೋದಿಂದ (ಉಬ್ಬು ಕೆಲಸದ ಬಿಳಿ ಲೇಪ) ಇಟ್ಟ ಮುತ್ತುಗಳು ವಾರದೊಳಗೆ ಉದುರಿದವು. ಇದನ್ನು ದಂತದ ಮೇಲೆಯೇ ಬರೆಯಬೇಕೆ? ಒಂದೇ ಕೂದಲಿನ ಕುಂಚ ಬೇಕೆ? ಮುಖದ ಅಷ್ಟೊಂದು ಬಿಳುಪು, ಮುತ್ತಿನ ಮೇಲಿನ ಕಪ್ಪು ಚುಕ್ಕೆ, ಇವನ್ನೆಲ್ಲ ಇದ್ದ ಹಾಗೇ ಬರೆಯಬೇಕೆ? ಸೀಸದ ಬಿಳಿ ಇಲ್ಲದೆ ಇದು ಆಗುವುದೇ ಇಲ್ಲವೆ?

ಉತ್ತರ: ನಿಮ್ಮ ಕೈ ಕೆಟ್ಟಿಲ್ಲ. ಮೂರು ಸಲವೂ ಕೆಟ್ಟಿರುವುದು ನೀರು ಮತ್ತು ಗೋಂದಿನ ಲೆಕ್ಕ. ಇನ್ನೊಂದು ಮಾತು: ಮ್ಯೂಸಿಯಮ್ಮಿನಲ್ಲಿ ನೀವು ನೋಡಿದ್ದು ನಾಲ್ಕು ನೂರು ವರ್ಷ ಹಳೆಯದಾದ ಚಿತ್ರ. ಹಿಲ್ಯಾರ್ಡ್ ಕುಂಚ ಕೆಳಗಿಟ್ಟ ದಿನ ಅದು ಹಾಗಿರಲಿಲ್ಲ. ಚಿತ್ರದ ಮುಪ್ಪನ್ನು ನಕಲು ಮಾಡಬೇಡಿ, ಅವರು ಬರೆದ ಕ್ರಮವನ್ನು ನಕಲು ಮಾಡಿ. ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಮೊದಲು ದಂತದ ವಿಷಯ ಮುಗಿಸೋಣ. ಎಂಟನೆಯ ಹೆನ್ರಿ, ಎಲಿಜಬೆತ್ ರಾಣಿಯರ ಮನೆತನ ಇಂಗ್ಲೆಂಡನ್ನು ಆಳಿದ ಟ್ಯೂಡರ್ ಕಾಲದ ಯಾವ ಮಿನಿಯೇಚರನ್ನೂ ದಂತದ ಮೇಲೆ ಬರೆದಿಲ್ಲ. ದಂತದ ತೆಳು ಹಲಗೆಯ ಮೇಲೆ ಬರೆಯುವ ರೂಢಿ ಶುರುವಾದದ್ದು 1700ರ ಸುಮಾರಿಗೆ, ವೆನಿಸ್ಸಿನ ರೊಸಾಲ್ಬಾ ಕರಿಯೇರಾ ಅವರಿಂದ. ಅಷ್ಟು ಹೊತ್ತಿಗೆ ಎಲಿಜಬೆತ್ ರಾಣಿ ತೀರಿಕೊಂಡು ನೂರು ವರ್ಷವಾಗಿತ್ತು. ಗೊಂದಲಕ್ಕೆ ಒಂದು ಕಾರಣ ಬಹುಶಃ ಎಂಟನೆಯ ಹೆನ್ರಿಯ ಆಸ್ಥಾನ ಚಿತ್ರಕಾರ ಹಾನ್ಸ್ ಹೋಲ್ಬೈನ್ 1539ರಲ್ಲಿ ಬರೆದ, ಹೆನ್ರಿಯ ರಾಣಿಯಾದ ಆ್ಯನ್ ಆಫ್ ಕ್ಲೀವ್ಸ್ ಚಿತ್ರ. ಅದು ಗುಲಾಬಿಯಾಕಾರದಲ್ಲಿ ಕೊರೆದ ದಂತದ ಡಬ್ಬಿಯೊಳಗಿದೆ. ಡಬ್ಬಿ ಮಾತ್ರ ದಂತ, ಒಳಗಿನ ಚಿತ್ರ ವೆಲ್ಲಮ್ಮಿನ ಮೇಲಿದೆ. ‘ಮಿನಿಯೇಚರ್’ ಎಂಬ ಹೆಸರಿಗೂ ಗಾತ್ರಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಅದು ‘ಮಿನಿಯಮ್’, ಅಂದರೆ ಸೀಸದ ಸಿಂಧೂರ ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಹಸ್ತಪ್ರತಿಗಳ ಅಕ್ಷರಗಳಿಗೆ ಕೆಂಪು ತುಂಬುತ್ತಿದ್ದವರ ಕಸುಬಿನ ಪದ ಅದು. ಟ್ಯೂಡರ್ ಜನ ಇದನ್ನು ‘ಲಿಮ್ನಿಂಗ್’ ಎನ್ನುತ್ತಿದ್ದರು. ಆ ಮಾತೂ ಹಸ್ತಪ್ರತಿ ಅಲಂಕಾರದ್ದೇ.

ಇದು ಬರೀ ಪದದ ಚರ್ಚೆಯಲ್ಲ. 1520ರ ದಶಕದಲ್ಲಿ ಎಂಟನೆಯ ಹೆನ್ರಿಯ ಆಸ್ಥಾನಕ್ಕೆ ಈ ಕಲೆಯನ್ನು ತಂದ ಲ್ಯೂಕಸ್ ಹೋರೆನ್‌ಬೌಟ್ ಘೆಂಟ್ ಊರಿನ ಹಸ್ತಪ್ರತಿ ಚಿತ್ರಕಾರರ ಮನೆತನದವರು. ಆಮೇಲೆ ಬಂದ ಲೆವಿನಾ ಟೀರ್ಲಿಂಕ್ ಬ್ರೂಜಿನ ಪ್ರಸಿದ್ಧ ಹಸ್ತಪ್ರತಿ ಚಿತ್ರಕಾರ ಸೈಮನ್ ಬೆನಿಂಗ್ ಅವರ ಮಗಳು. 1546ರಲ್ಲಿ ಆಕೆಗೆ ವರ್ಷಕ್ಕೆ 40 ಪೌಂಡ್ ಗೊತ್ತಾಯಿತು. ಹೋಲ್ಬೈನ್‌ಗೆ ಸಿಗುತ್ತಿದ್ದದ್ದು 30 ಪೌಂಡ್. ಹಿಲ್ಯಾರ್ಡ್ ಎಕ್ಸೆಟರ್ ಊರಿನ ಅಕ್ಕಸಾಲಿಗನ ಮಗ, ರಾಣಿಯ ಒಡವೆಗಳನ್ನು ಮಾಡುತ್ತಿದ್ದ ರಾಬರ್ಟ್ ಬ್ರಾಂಡನ್ ಬಳಿ ಕಸುಬು ಕಲಿತವರು. ಹಾಗಾಗಿ ಈ ಚಿತ್ರಗಳ ಬುಡದಲ್ಲಿ ಎರಡು ಕಸುಬುಗಳಿವೆ: ಪುಸ್ತಕ ಚಿತ್ರಕಾರರ ಗೋಂದುಬಣ್ಣ, ಅಕ್ಕಸಾಲಿಗರ ಚಿನ್ನ ಬೆಳ್ಳಿ. ಎಣ್ಣೆಬಣ್ಣದ ಚಿತ್ರವನ್ನು ಕುಗ್ಗಿಸಿದರೆ ಇದು ಬರುವುದಿಲ್ಲ. ನಿಮ್ಮಂತೆ ಗೋಂದು, ಚಿನ್ನದ ರೇಕು ಎರಡನ್ನೂ ಬಲ್ಲವರಿಗೆ ಇದು ಎಣ್ಣೆಬಣ್ಣದವರಿಗಿಂತ ಹತ್ತಿರದ ದಾರಿ.

ಈಗ ಬಾಗಿದ ಕಾರ್ಡು. ವೆಲ್ಲಮ್ ಚರ್ಮ. ತೇವ ಸಿಕ್ಕರೆ ಹಿಗ್ಗುತ್ತದೆ, ಒಣಗಿದರೆ ಬಲವಾಗಿ ಎಳೆಯುತ್ತದೆ. ಒಂದೇ ಮುಖಕ್ಕೆ ಅಂಟಿಸಿದರೆ ಕಾರ್ಡು ಆ ಕಡೆಗೆ ಬಾಗದೆ ಬೇರೆ ದಾರಿಯಿಲ್ಲ. ಟ್ಯೂಡರ್ ಚಿತ್ರಕಾರರು ಹುಟ್ಟುವ ಮುನ್ನವೇ ಸತ್ತ ಕರುವಿನ ಅತಿ ತೆಳುವಾದ ಚರ್ಮವನ್ನು ಇಸ್ಪೀಟು ಕಾರ್ಡಿಗೆ ಅಂಟಿಸುತ್ತಿದ್ದರು. ಆಗಿನ ಇಸ್ಪೀಟು ಎಲೆಗಳು ಹಲವು ಪದರ ಕಾಗದ ಸೇರಿಸಿ ಮಾಡಿದ ಗಟ್ಟಿ ಕಾರ್ಡು, ಒಂದು ಮಗ್ಗುಲು ಖಾಲಿ. ಖಾಲಿ ಮಗ್ಗುಲಿಗೆ ಚರ್ಮ ಅಂಟಿಸಿದ್ದರಿಂದಲೇ ಎಷ್ಟೋ ಮಿನಿಯೇಚರ್‌ಗಳನ್ನು ತಿರುಗಿಸಿದರೆ ಹಿಂದೆ ಆಟೀನೋ ಇಸ್ಪೀಟೋ ಕಾಣುತ್ತದೆ. ನಿಮಗೆ ಸಿಕ್ಕ ಮೇಕೆ ಚರ್ಮ ಅದಕ್ಕಿಂತ ದಪ್ಪ, ಎಳೆತವೂ ಹೆಚ್ಚು. ಬಿಳಿ ಅಂಟಿನ ಇನ್ನೊಂದು ತೊಂದರೆ, ಅದು ಒಮ್ಮೆ ಹಿಡಿದರೆ ಸರಿಪಡಿಸಲು ಆಸ್ಪದ ಕೊಡುವುದಿಲ್ಲ.

ಹೀಗೆ ಮಾಡಿ. ಗೋಧಿ ಅಥವಾ ಅಕ್ಕಿಯ ಪಿಷ್ಟ ಒಂದು ಪಾಲು, ನೀರು ಆರು ಪಾಲು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ ಪಾರದರ್ಶಕವಾಗುವವರೆಗೆ ಬೇಯಿಸಿ, ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಮೈದಾ ಬೇಡ, ಅದರಲ್ಲಿನ ಅಂಟುಪ್ರೋಟೀನಿಗೆ ಹುಳ ಬರುತ್ತದೆ. ಕರಾವಳಿ ಮಲೆನಾಡಿನವರಾದರೆ ಈ ಸರಿಗೆ (ಪಿಷ್ಟದ ಅಂಟಿಗೆ) ಒಂದು ಹನಿ ಲವಂಗದೆಣ್ಣೆ ಸೇರಿಸಿ, ಬೂಷ್ಟು ತಡವಾಗುತ್ತದೆ. ಆಮ್ಲರಹಿತ ಕಾಗದದ ಮೂರು ನಾಲ್ಕು ಪದರ ಸೇರಿಸಿ ಸುಮಾರು 1 ಮಿ.ಮೀ. ದಪ್ಪದ ಕಾರ್ಡು ಮಾಡಿಕೊಳ್ಳಿ. ವೆಲ್ಲಮ್ಮನ್ನು ಒದ್ದೆ ಬಟ್ಟೆಯ ನಡುವೆ ಹತ್ತು ನಿಮಿಷವಿಟ್ಟು ಸ್ವಲ್ಪ ತೇವ ಮಾಡಿ, ತೆಳುವಾಗಿ ಸರಿ ಸವರಿ ಅಂಟಿಸಿ. ಅದೇ ಹೊತ್ತಿಗೆ ಹಿಂಬದಿಗೂ ಗಟ್ಟಿ ಕಾಗದವೊಂದನ್ನು ಅಂಟಿಸಿ. ಎರಡು ಕಡೆಯ ಎಳೆತ ಸಮವಾಗಬೇಕು, ಗುಟ್ಟು ಇಷ್ಟೇ. ಹೀರುಕಾಗದದ ನಡುವೆ ಭಾರ ಹೇರಿ ಎರಡು ದಿನ ಬಿಡಿ, ಮೊದಲ ದಿನ ಕಾಗದವನ್ನು ಎರಡು ಮೂರು ಸಲ ಬದಲಿಸಿ. ಒಣಗಿದ ಮೇಲೆ ಕಾರ್ಡನ್ನು ಬೋರಲು ಹಾಕಿ ಹಿಂಬದಿಯಿಂದ ನುಣುಪಾದ ಕಲ್ಲಿನಲ್ಲಿ ಉಜ್ಜಿದರೆ ಮುಂಭಾಗ ಸಪಾಟಾಗುತ್ತದೆ. ಚರ್ಮದ ಮೇಲಿನ ಜಿಡ್ಡು ತೆಗೆಯಲು ನಯವಾದ ಪ್ಯೂಮಿಸ್ ಪುಡಿಯನ್ನು ಬೆರಳ ತುದಿಯಲ್ಲಿ ಹಗುರಾಗಿ ತೀಡಿ, ಪೂರ್ತಿ ಝಾಡಿಸಿ. ಪುಡಿ ಉಳಿದರೆ ಮುಂದೆ ಮುಖದ ಮೇಲೆ ಮರಳಿನಂತೆ ಕಾಣುತ್ತದೆ. ಚರ್ಮ ಬೇಡವೆನ್ನುವವರು ಒಳ್ಳೆಯ ಹಾಟ್‌ಪ್ರೆಸ್ (ನುಣುಪು ಮೈಯ) ಹತ್ತಿ ಕಾಗದ ಬಳಸಬಹುದು. ಬಾಗುವ ಭಯ ಕಡಿಮೆ. ಆದರೆ ಕಾಗದ ಬಣ್ಣವನ್ನು ಹೀರಿಕೊಳ್ಳುತ್ತದೆ, ವೆಲ್ಲಮ್ಮಿನಲ್ಲಿ ಬಣ್ಣ ಮೇಲೆಯೇ ನಿಂತು ಬೆಳಗುವ ಹೊಳಪು ಅದರಲ್ಲಿ ಸಿಗದು.

ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದದ್ದು ಮುಖ ಕೆಸರಾದ ಸಂಗತಿ. ಈ ಕಲೆಯ ಪ್ರಾಣ ಇರುವುದೇ ಅಲ್ಲಿ. ಟ್ಯೂಡರ್ ಚಿತ್ರಕಾರರು ಮುಖದ ಜಾಗಕ್ಕೆಲ್ಲ ಮೊದಲು ಒಂದೇ ಮೈಬಣ್ಣವನ್ನು ಸಪಾಟಾಗಿ ಹಾಕಿಬಿಡುತ್ತಿದ್ದರು. ಅದಕ್ಕೆ ‘ಕಾರ್ನೇಷನ್’ ಎಂದು ಹೆಸರು. ಕಣ್ಣು ಮೂಗು ಬಾಯಿ ಎಲ್ಲವನ್ನೂ ಅದರ ಮೇಲೆ ಕೂದಲೆಳೆಯ ಗೀರುಗಳಲ್ಲಿ ಬರೆಯುತ್ತಿದ್ದರು. ಕೆಳಪದರ ಅಲ್ಲಾಡದೆ ನಿಂತರೆ ಮಾತ್ರ ಮೇಲಿನ ಗೀರು ನಿಲ್ಲುತ್ತದೆ. ನಿಮ್ಮದು ಎದ್ದು ಬಂದಿದ್ದಕ್ಕೆ ಕಾರಣ ಎರಡರಲ್ಲಿ ಒಂದು, ಅಥವಾ ಎರಡೂ: ಕಾರ್ನೇಷನ್ನಿನಲ್ಲಿ ಗೋಂದು ಕಡಿಮೆ, ಮೇಲಿನ ಕುಂಚದಲ್ಲಿ ನೀರು ಜಾಸ್ತಿ.

ಗೋಂದಿನ ಅಳತೆ ಹೀಗೆ. ಒಳ್ಳೆಯ ಗಮ್ ಅರೇಬಿಕ್ ಒಂದು ಪಾಲು, ಬಿಸಿನೀರು ಎರಡು ಪಾಲು, ರಾತ್ರಿ ನೆನೆಯಲಿ, ಬೆಳಿಗ್ಗೆ ಸೋಸಿ. ಹತ್ತು ಪಾಲು ಗೋಂದಿಗೆ ಒಂದು ಪಾಲು ಕಲ್ಲುಸಕ್ಕರೆ. ಆಗಿನವರೂ ಕಲ್ಲುಸಕ್ಕರೆಯನ್ನೇ ಹಾಕುತ್ತಿದ್ದರು, ಬಣ್ಣ ಬಿರಿಯದಿರಲೆಂದು. ಮಳೆಗಾಲದಲ್ಲಿ ಅದನ್ನು ಅರ್ಧಕ್ಕಿಳಿಸಿ, ಇಲ್ಲವಾದರೆ ಚಿತ್ರ ಅಂಟಂಟಾಗುತ್ತದೆ. ನೀರಿನಲ್ಲಿ ಅರೆದ ಬಣ್ಣ ಎರಡು ಪಾಲಿಗೆ ಈ ಗೋಂದು ಒಂದು ಪಾಲಿನಿಂದ ಆರಂಭಿಸಿ. ಪ್ರತಿ ಬಣ್ಣಕ್ಕೂ ಅಳತೆ ಬೇರೆಯಾಗುವುದರಿಂದ ಪರೀಕ್ಷೆ ಮಾಡಲೇಬೇಕು. ತುಂಡು ವೆಲ್ಲಮ್ಮಿನ ಮೇಲೆ ಒಂದು ಗೆರೆ ಎಳೆದು ಒಣಗಿಸಿ, ಒಣಬೆರಳಿನಿಂದ ಉಜ್ಜಿ. ಬೆರಳಿಗೆ ಪುಡಿ ಬಂದರೆ ಗೋಂದು ಸಾಲದು. ಓರೆ ಬೆಳಕಿನಲ್ಲಿ ಮಿರಮಿರ ಮಿನುಗಿ, ತುಂಡನ್ನು ಬಗ್ಗಿಸಿದಾಗ ಬಿರುಕು ಬಿಟ್ಟರೆ ಹೆಚ್ಚಾಯಿತು. ಮೊಟ್ಟೆಯ ಚಿಪ್ಪಿನಂತೆ ಮಂದ ಹೊಳಪು ಬಂದು ಬೆರಳಿಗೆ ಏನೂ ಅಂಟದಿದ್ದರೆ ಸರಿಯಾಯಿತು.

ಕಾರ್ನೇಷನ್ನನ್ನು ಕುಂಚದ ತುಂಬ ತೆಗೆದುಕೊಂಡು ಒಂದೇ ಬಾರಿಗೆ ಹರಿಯಬಿಡಿ. ಹಣೆಯಿಂದ ಗದ್ದದವರೆಗೆ ಒಂದು ನಿಮಿಷದೊಳಗೆ ಮುಗಿಯಬೇಕು. ಆಮೇಲೆ ಮುಟ್ಟಬೇಡಿ. ಕಡೇಪಕ್ಷ ಒಂದು ರಾತ್ರಿ ಒಣಗಲಿ. ಬಣ್ಣ ಮೊಮ್ಮಗಳ ಮುಖದಲ್ಲಿ ಅತ್ಯಂತ ತಿಳಿಯಾದ ಜಾಗಕ್ಕಿಂತ ಒಂದು ಎಳೆ ತಿಳಿಯಾಗಿರಲಿ. ಮೇಲಿನ ಗೀರುಗಳಿಂದ ಗಾಢ ಮಾಡಬಹುದೇ ಹೊರತು ತಿಳಿ ಮಾಡಲಾಗದು. ಹಿಲ್ಯಾರ್ಡ್ ಅವರ ಬಿಳಿ ಮತ್ತು ಕೆಂಪಿನ ಮಿಶ್ರಣ ಇಂಗ್ಲಿಷ್ ಚರ್ಮಕ್ಕೆ ಹೊಂದಿದ್ದು. ನಮ್ಮ ಮಕ್ಕಳ ಗೋಧಿ ಬಣ್ಣಕ್ಕೋ ಎಣ್ಣೆಗಪ್ಪಿಗೋ ಬಿಳಿಯನ್ನೇ ಆಧಾರ ಮಾಡಿಕೊಂಡರೆ ಮುಖ ಬೂದಿ ಬಳಿದಂತಾಗುತ್ತದೆ. ಹಳದಿ ಕಾವಿ, ಬರ್ನ್ಟ್ ಸಿಯೆನ್ನಾ (ಕೆಂಗಂದು ಮಣ್ಣುಬಣ್ಣ) ಇವೇ ಮುಖ್ಯವಾಗಿರಲಿ, ಬಿಳಿಯನ್ನು ಬಣ್ಣ ಅಪಾರದರ್ಶಕವಾಗುವಷ್ಟೇ ಹಾಕಿ. ಮೂರು ನಾಲ್ಕು ಕಾರ್ಡುಗಳಿಗೆ ಬೇರೆ ಬೇರೆ ಛಾಯೆಯ ಕಾರ್ನೇಷನ್ ಹಾಕಿಟ್ಟುಕೊಂಡು, ಮಗುವಿನ ಕೆನ್ನೆಯ ಪಕ್ಕ ಹಿಡಿದು ಆರಿಸಿಕೊಳ್ಳಿ. ಆಗಿನವರೂ ಹೀಗೆ ತಯಾರಿ ಮಾಡಿಟ್ಟುಕೊಳ್ಳುತ್ತಿದ್ದರು.

ಇನ್ನು ಗೀರು. ಕುಂಚವನ್ನು ಬಣ್ಣಕ್ಕೆ ಅದ್ದಿ, ಹೀರುಕಾಗದದ ಮೇಲೆ ಉರುಳಿಸಿ, ತುದಿಯಲ್ಲಿ ಒದ್ದೆ ಕಣ್ಣಿಗೆ ಕಾಣದಷ್ಟು ಒಣಗಿಸಿ. ಗೀರು ಕಂಡೂ ಕಾಣದಂತಿರಬೇಕು. ಹತ್ತು ಹದಿನೈದು ಗೀರು ಸೇರಿದಾಗಲೇ ನೆರಳು ಹುಟ್ಟುತ್ತದೆ. ಒಂದೇ ಜಾಗಕ್ಕೆ ಬೆನ್ನುಬೆನ್ನಿಗೆ ಎರಡನೆಯ ಗೀರು ಹಾಕಬೇಡಿ. ಒಂದು ಕಣ್ಣಿನ ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗಿ, ಮೊದಲನೆಯದು ಒಣಗಲಿ. ನಿಮ್ಮಂಥವರು ಎಡವುವುದು ಇಲ್ಲೇ. ಮೈಸೂರು ಶೈಲಿಯ ಹದಗೊಂಡ ತೇವದ ಗೆರೆ ಒಂದೇ ಉಸಿರಿಗೆ ಹರಿದು ಬರುತ್ತದೆ, ಈ ಕೆಲಸಕ್ಕೆ ಆ ಅಭ್ಯಾಸವನ್ನು ಬದಿಗಿಡಬೇಕು.

ಒಂದೇ ಕೂದಲಿನ ಕುಂಚ ಎಂಬುದು ಕಟ್ಟುಕತೆ. ಒಂದು ಕೂದಲು ಬಣ್ಣವನ್ನೇ ಹಿಡಿಯದು, ಗೆರೆ ಶುರುವಾಗುವ ಮೊದಲೇ ಒಣಗುತ್ತದೆ. ಅವರು ಹಕ್ಕಿಯ ಗರಿಯ ಕೊಳವೆಗೆ ಕಟ್ಟಿದ ಅಳಿಲುಕೂದಲಿನ ಕುಂಚ ಬಳಸುತ್ತಿದ್ದರು. ಹೊಟ್ಟೆ ತುಂಬಿ, ತುದಿ ಸೂಜಿಯಂತಿರಬೇಕು. ನಿಮಗೆ 1 ಅಥವಾ 2ನೇ ನಂಬರಿನ ಒಳ್ಳೆಯ ಸೇಬಲ್ ಅಥವಾ ಸಿಂಥೆಟಿಕ್ ಸಾಕು. 0000 ನಂಬರಿನದಕ್ಕೆ ದುಡ್ಡು ಹಾಕಬೇಡಿ. ಮುಂಗುಸಿ ಕೂದಲಿನ ಕುಂಚ ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡಿ, ಭಾರತದಲ್ಲಿ ಅದರ ವ್ಯಾಪಾರ ಕಾನೂನುಬಾಹಿರ. ಭಾರತೀಯ ಕೈಗೆ ಈ ಕೆಲಸ ಹಿಡಿಯದು ಎಂಬ ಅನುಮಾನವಿದ್ದರೆ ಅದನ್ನೂ ಬಿಡಿ. 1616ರಲ್ಲಿ ಅಜ್ಮೀರದಲ್ಲಿ ಜಹಾಂಗೀರನ ಚಿತ್ರಕಾರರು, ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ತಂದಿದ್ದ ಒಂದು ಮಿನಿಯೇಚರನ್ನು ಎಷ್ಟು ಚೆನ್ನಾಗಿ ನಕಲು ಮಾಡಿದ್ದರೆಂದರೆ, ದೀಪದ ಬೆಳಕಿನಲ್ಲಿ ಮೂಲ ಯಾವುದೆಂದು ಗುರುತಿಸಲು ರೋ ತಡವರಿಸಿದ. ಆ ಮೂಲವನ್ನು ಬರೆದವರು ಹಿಲ್ಯಾರ್ಡ್ ಅವರ ಶಿಷ್ಯ ಐಸಾಕ್ ಆಲಿವರ್ ಎಂದು ನಂಬಿಕೆ.

ನೀಲಿಯ ಪಟ್ಟೆಗೆ ಕಾರಣ, ನೀವು ಅದನ್ನು ಪದರಪದರವಾಗಿ ಬಳಿದಿರುವುದು. ಟ್ಯೂಡರ್ ನೀಲಿ ಬಳಿದದ್ದಲ್ಲ, ತೇಲಿಬಿಟ್ಟದ್ದು. ಮೊದಲು ಸಣ್ಣ ಕುಂಚದಲ್ಲಿ ಕೂದಲು, ಕಿವಿ, ಹೆಗಲಿನ ಅಂಚಿನ ಸುತ್ತ ನೀಲಿಯ ಗಡಿ ಹಾಕಿ. ಅದು ಒಣಗುವ ಮುನ್ನವೇ ದಪ್ಪ ಕುಂಚದಲ್ಲಿ ನೀರಾದ ನೀಲಿಯನ್ನು ಕೆರೆಯಂತೆ ತುಂಬಿಸಿ, ಕಾರ್ಡನ್ನು ಮಟ್ಟವಾದ ಮೇಜಿನ ಮೇಲೆ ಬಿಟ್ಟು ಎದ್ದು ಹೋಗಿ. ಅವರು ಬಳಸುತ್ತಿದ್ದ ಅಝುರೈಟ್ ಭಾರವಾದ ಕಲ್ಲಿನ ಪುಡಿ, ತಾನಾಗಿ ತಳಕ್ಕೆ ಸಮನಾಗಿ ಕೂರುತ್ತದೆ. ಅರ್ಧ ಒಣಗಿದ ಮೇಲೆ ಕುಂಚ ತಾಗಿಸಿದರೆ ಪಟ್ಟೆ ಬಿದ್ದಂತೆಯೇ. ಫ್ಯಾನ್ ಆರಿಸಿಡಿ, ಗಾಳಿ ಒಂದು ಕಡೆಯನ್ನು ಬೇಗ ಒಣಗಿಸಿ ಗೆರೆ ಮೂಡಿಸುತ್ತದೆ. ಅಝುರೈಟ್ ದುಬಾರಿ, ಒಳ್ಳೆಯ ಗುವಾಶ್ (ಅಪಾರದರ್ಶಕ ಜಲವರ್ಣ) ನೀಲಿಯೂ ಆಗುತ್ತದೆ.

ಇನ್ನು ಮುಖದ ಬಿಳುಪು. ಇದಕ್ಕೆ ಸೇರಿಕೊಂಡ ಕಾರಣಗಳು ಎರಡು. ಹಿಲ್ಯಾರ್ಡ್ ಬೇಕೆಂದೇ ನೆರಳು ಕಡಿಮೆ ಮಾಡುತ್ತಿದ್ದರು. ರಾಣಿ ತನ್ನನ್ನು ಬರೆಯಿಸಿಕೊಳ್ಳಲು ಮರದ ನೆರಳೂ ಇಲ್ಲದ ತೋಟದ ಬಯಲು ಜಾಗವನ್ನು ಆರಿಸಿಕೊಂಡದ್ದನ್ನು ಅವರೇ ಬರೆದಿಟ್ಟಿದ್ದಾರೆ. ಇದು ಮೊದಲನೆಯದು. ಎರಡನೆಯದು ಕಾಲದ ಕೆಲಸ. ಕೆನ್ನೆ ತುಟಿಗಳ ಕೆಂಪಿಗೆ ಅವರು ಬಳಸಿದ್ದು ಗಿಡ ಮತ್ತು ಕೀಟಗಳಿಂದ ತೆಗೆದ ಲೇಕ್ ಬಣ್ಣ. ತೆಳು ಪದರದಲ್ಲಿ ಅದು ಬೆಳಕಿಗೆ ಕರಗಿಹೋಗುತ್ತದೆ. ಕೆಂಪು ಹೋಗಿ, ಕೆಳಗಿನ ಮಸುಕು ಕಾರ್ನೇಷನ್ ಉಳಿಯುತ್ತದೆ. ಎಣ್ಣೆಬಣ್ಣಕ್ಕೂ ಇದೇ ಪಾಡು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ‘ಡಾರ್ನ್ಲಿ ಪೋರ್ಟ್ರೇಟ್’ನಲ್ಲಿ ಎಲಿಜಬೆತ್ ಮುಖ ಪೇಲವವಾಗಿರುವುದು ಕೆಂಪು ಮಾಸಿದ್ದರಿಂದ, ಉಡುಪಿನಲ್ಲಿ ಈಗ ಕಂದು ಕಾಣುವುದು ಮೂಲದಲ್ಲಿ ಕಡುಗೆಂಪು. ಆದ್ದರಿಂದ ಚಿತ್ರದ ಬಿಳುಪನ್ನು, ರಾಣಿ ಮುಖಕ್ಕೆ ಬಳಿದುಕೊಳ್ಳುತ್ತಿದ್ದಳೆನ್ನುವ ಸೀಸದ ಬಿಳಿಗೆ ಸಾಕ್ಷಿಯೆಂದು ಓದಬೇಡಿ. ಮೊಮ್ಮಗಳ ಕೆನ್ನೆಗೆ ಮಂಜಿಷ್ಠದ ಬಣ್ಣ ಬೇಡ, ಕ್ವಿನಾಕ್ರಿಡೋನ್ ಗುಲಾಬಿ ಬಳಸಿ. ಅದು ಎಷ್ಟೋ ಪಾಲು ಹೆಚ್ಚು ಬಾಳುತ್ತದೆ.

ಮುತ್ತಿನ ಕಪ್ಪು ಚುಕ್ಕೆಯೂ ಮುಪ್ಪೇ. ಅದು ಬೆಳ್ಳಿ. ಹಿಲ್ಯಾರ್ಡ್ ಬಿಳಿಯ ಪುಟ್ಟ ಗುಬ್ಬಿಯಿಟ್ಟು, ಒಂದು ಮಗ್ಗುಲಿಗೆ ಬೂದು ನೆರಳು ಕೊಟ್ಟು, ಬೆಳಕು ಬೀಳುವ ಕಡೆ ಬೆಳ್ಳಿಪುಡಿಯ ಚುಕ್ಕೆಯಿಟ್ಟು, ಫೆರೆಟ್ಟಿನಂಥ ಸಣ್ಣ ಪ್ರಾಣಿಯ ಹಲ್ಲಿನಿಂದ ಉಜ್ಜಿ ಮಿಂಚಿಸುತ್ತಿದ್ದರು. ಗಾಳಿಯ ಗಂಧಕಕ್ಕೆ ಅದು ಕಪ್ಪಾಗಿದೆ. ಅಂದು ಮೋಂಬತ್ತಿಯ ಬೆಳಕಿನಲ್ಲಿ ಚಿತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಪ್ರತಿ ಮುತ್ತೂ ಕಣ್ಣು ಮಿಟುಕಿಸುತ್ತಿತ್ತು. ನೀವು ಕಪ್ಪು ಚುಕ್ಕೆ ಇಟ್ಟರೆ ಆ ಮಿಂಚನ್ನೇ ಕಳೆದ ಹಾಗೆ. ನಿಮಗಿರುವ ದಾರಿಗಳು ಇವು. ಸಿಹಿತಿಂಡಿಗೆ ಹಾಕುವ ನಿಜವಾದ ಬೆಳ್ಳಿ ರೇಕನ್ನು ಜೇನಿನಲ್ಲಿ ಅರೆದು, ತೊಳೆದು, ಗೋಂದು ಸೇರಿಸಿದರೆ ಆಗಿನಂಥದೇ ಬೆಳ್ಳಿ ಸಿಗುತ್ತದೆ, ಆದರೆ ನಮ್ಮ ಊರುಗಳ ಗಾಳಿಗೆ ಬೇಗ ಕಪ್ಪಾಗುತ್ತದೆ. ಪಲಾಡಿಯಮ್ ಎಂಬ ಬೆಳ್ಳಿಬಣ್ಣದ ಲೋಹದ ರೇಕು ಕಪ್ಪಾಗುವುದಿಲ್ಲ, ಬೆಲೆ ಹೆಚ್ಚು. ಅಭ್ರಕದ ಬಣ್ಣ ಅಗ್ಗ, ಉಜ್ಜಿದರೆ ಹೊಳಪೇರದು. ಮೊಮ್ಮಗಳು ದೊಡ್ಡವಳಾದ ಮೇಲೂ ಮಿಂಚಬೇಕೆಂದರೆ ಪಲಾಡಿಯಮ್ಮೇ ನನ್ನ ಆಯ್ಕೆ. ಇಂಥ ಚಿತ್ರಕ್ಕೆ ಬೇಕಾಗುವುದು ಒಂದೇ ರೇಕಿನ ಚೂರು.

ಮುತ್ತು ಉದುರಿದ್ದಕ್ಕೆ ಗೆಸ್ಸೋ ಕೆಟ್ಟದ್ದೆಂಬುದು ಕಾರಣವಲ್ಲ. ಮಕ್ಕಿ ಸಫೇದದ, ಅಂದರೆ ನಮ್ಮ ಗೆಸ್ಸೋದ ಉಬ್ಬು ಗಟ್ಟಿ ಹಲಗೆಯ ಮೇಲೆ, ಅಗಲವಾದ ಬುಡದಲ್ಲಿ ಕೂರುವಂಥದು. ಇಲ್ಲಿ 1 ಮಿ.ಮೀ. ಮುತ್ತಿಗೆ ಬುಡವೂ ಅಷ್ಟೇ, ಕೆಳಗೆ ಹಿಗ್ಗಿ ಕುಗ್ಗುವ ಚರ್ಮ. ಬಾಗಿದ ಕಾರ್ಡಿನ ಮೇಲೆ ಉಳಿಯುವ ಮಾತೇ ಇಲ್ಲ. ಕಾರ್ಡು ಸರಿಯಾದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಉಳಿದದ್ದಕ್ಕೆ, ಟೈಟಾನಿಯಮ್ ಬಿಳಿಯ ಗುವಾಶನ್ನು ಮೊಸರಿನ ಹದಕ್ಕೆ ತಂದು, ಒಂದು ಹನಿಯ ಬದಲು ಮೂರು ಪುಟ್ಟ ಹನಿಗಳನ್ನು ಒಂದರ ಮೇಲೊಂದು, ನಡುವೆ ಪೂರ್ತಿ ಒಣಗಲು ಬಿಟ್ಟು ಇಡಿ. ದಪ್ಪ ಹನಿಯಲ್ಲಿ ಹೊರಮೈ ಮೊದಲು ಒಣಗಿ ಒಳಗಿನ ತೇವ ಕುಗ್ಗುವಾಗ ಬುಡವೇ ಕಿತ್ತುಕೊಳ್ಳುತ್ತದೆ. ಕತ್ತಿನ ಲೇಸಿಗೂ ಇದೇ ಬಿಳಿ, ಎಳೆ ಬಿಡುವಷ್ಟು ಗಟ್ಟಿಯಾಗಿ.

ಮಾಣಿಕ್ಯ ಬರೆಯುವಿರಾದರೆ ಉಜ್ಜಿದ ಪಲಾಡಿಯಮ್ಮಿನ ಮೇಲೆ, ಕೆಂಪು ಬೆರೆಸಿದ ರಾಳವನ್ನು ಬಿಸಿ ಸೂಜಿಯ ತುದಿಯಿಂದ ಒಂದು ತೊಟ್ಟು ಇಳಿಸಿ. ಹಿಲ್ಯಾರ್ಡ್ ಅವರ ಹರಳುಗಳ ಗುಟ್ಟು ಇದೇ. ಬೆಳಕು ರಾಳದೊಳಗೆ ಹೊಕ್ಕು ಲೋಹಕ್ಕೆ ತಾಗಿ ಮರಳುತ್ತದೆ. ಸೂಜಿ ತೀರಾ ಕಾದರೆ ರಾಳ ಕಂದಾಗಿ ವೆಲ್ಲಮ್ ಸುಡುತ್ತದೆ, ಮೊದಲು ತುಂಡಿನ ಮೇಲೆ ಹತ್ತು ಸಲ ಮಾಡಿ ನೋಡಿ.

ಸೀಸದ ಬಿಳಿ ಬೇಡವೇ ಬೇಡ. ವಿಷ ಎಂಬುದು ಒಂದು ಕಾರಣ: ಒಣಪುಡಿ ಅರೆಯುವಾಗ ಉಸಿರಿಗೆ ಸೇರುತ್ತದೆ, ಮಗುವಿರುವ ಮನೆಯಲ್ಲಿ ಅದನ್ನು ತೆರೆಯಲೂಬಾರದು. ಇನ್ನೊಂದು ಕಾರಣ, ಎಣ್ಣೆಯ ಕಾವಲಿಲ್ಲದ ಗೋಂದುಬಣ್ಣದಲ್ಲಿ ಗಂಧಕದ ಗಾಳಿ ತಾಗಿ ಅದೂ ಕಪ್ಪಾಗುತ್ತದೆ. ಹಳೆಯ ಚಿತ್ರಗಳಲ್ಲಿ ಹಾಗೆ ಕಪ್ಪಾದದ್ದನ್ನು ಸಂರಕ್ಷಕರು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತಿರುಗಿ ಬಿಳಿಯಾಗಿಸುವುದುಂಟು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಕೂರುವ ರೀತಿಗೂ ಗಮನ ಕೊಡಿ. ಉತ್ತರದ ಕಿಟಕಿ, ಒಂದೇ ಕಡೆಯ ಬೆಳಕು. ನೂಲು ಉದುರದ ರೇಷ್ಮೆ ಉಡಬೇಕು, ತಲೆಯ ಹೊಟ್ಟು ಬೀಳದಂತೆ ನೋಡಬೇಕು, ಚಿತ್ರದ ಮೇಲೆ ಬಗ್ಗಿ ಮಾತಾಡಬಾರದು ಎಂದು ಹಿಲ್ಯಾರ್ಡ್ ಬರೆದಿದ್ದಾರೆ. ಮುಖದ ಮೇಲೆ ಎಂಜಲಿನ ಒಂದು ಕಣ ಬಿದ್ದರೂ ಮತ್ತೆ ಸರಿಯಾಗದು ಎಂಬುದು ಅವರ ಎಚ್ಚರಿಕೆ. ಗೋಂದುಬಣ್ಣದ ಮೇಲೆ ಬಿದ್ದ ಹನಿ ಸುತ್ತ ಉಂಗುರ ಬಿಟ್ಟು ಕಾರ್ನೇಷನ್ನನ್ನೇ ಎತ್ತಿಬಿಡುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಕೈ ಕೆಳಗೆ ಶುಭ್ರವಾದ ಕಾಗದವಿರಲಿ.

ಮುಗಿದ ಚಿತ್ರವನ್ನು ಗಾಜಿಗೆ ತಾಗಿಸಬೇಡಿ. ಮಳೆಗಾಲದಲ್ಲಿ ಮುತ್ತುಗಳು ಗಾಜಿಗೇ ಅಂಟಿಕೊಂಡು ಬರುತ್ತವೆ. ನಡುವೆ 2 ಮಿ.ಮೀ. ಅಂತರದ ಉಂಗುರ ಕೊಟ್ಟು, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಟ್ಯೂಡರ್ ಜನರೂ ಇವನ್ನು ಗೋಡೆಗೆ ತೂಗುಹಾಕದೆ ಡಬ್ಬಿಯಲ್ಲಿ, ಪದಕದಲ್ಲಿ ಮುಚ್ಚಿಡುತ್ತಿದ್ದರು. ಇಂದು ಉಳಿದಿರುವ ಅಷ್ಟಿಷ್ಟು ಬಣ್ಣಕ್ಕೆ ಆ ಕತ್ತಲೆಯೂ ಒಂದು ಕಾರಣ. ಮ್ಯೂಸಿಯಮ್ಮುಗಳಲ್ಲಿ ಇಂಥ ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು, 50 ಶೇಕಡಾ ಆಸುಪಾಸಿನ ತೇವಾಂಶ ಕಾಯ್ದುಕೊಳ್ಳುತ್ತಾರೆ. ಮನೆಯಲ್ಲಿ ಅಷ್ಟು ಆಗದು. ಸ್ನಾನದ ಮನೆ, ಅಡುಗೆಮನೆಯ ಗೋಡೆಗಳಿಂದ ದೂರದ ಒಣ ಕಪಾಟು ಸಾಕು. ಡಬ್ಬಿಯಲ್ಲಿ ಸಿಲಿಕಾ ಜೆಲ್ ತುಂಬಿ ತೀರಾ ಒಣಗಿಸಲು ಹೋಗಬೇಡಿ, ಚರ್ಮ ಕುಗ್ಗಿ ಕಾರ್ನೇಷನ್ ಬಿರಿಯುತ್ತದೆ. ನಾಲ್ಕನೆಯ ಪ್ರಯತ್ನದಲ್ಲಿ ಮೊದಲು ಬರೀ ಕಾರ್ಡು ಮಾಡಿ ಎರಡು ವಾರ ಬಿಟ್ಟು ನೋಡಿ. ಬಾಗದೆ ನಿಂತ ಕಾರ್ಡಿಗೆ ಮಾತ್ರ ಬಣ್ಣ ಮುಟ್ಟಿಸಿ.